ಮಿಲ್ಟ್ರಿ ಮಾಸ್ತರರ ಶ್ರುತಿ

ನಾನು ಕೊಟ್ಟೂರಿನ ಪ್ರಾಥಮಿಕ ಶಾಲೆಗೆ ವರ್ಗವಾಗಿ ಬಂದಾಗ ಆ ಊರಿನಲ್ಲಿ ಆಗಲೇ ಒಬ್ಬ ಮಾಸ್ತರರಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಮಿಲಿಟರಿಯಿಂದ ನಿವೃತ್ತರಾಗಿ ಬಂದು ಮದುವೆಗಳಲ್ಲಿ ಬಾರಿಸುವ ಬ್ಯಾಂಡ್ ಸೆಟ್ ಕಟ್ಟಿದವರು. ಆದರೂ ಊರಲ್ಲಿ ಮಾಸ್ತರ ಎಂದರೆ ಅವರೊಬ್ಬರೇ. ಸರ್ಕಾರದ ಆದೇಶ ಕೈಯಲ್ಲಿ ಹಿಡಿದು ಬಂದ ನಾನು ಕೊನೆಯವರೆಗೂ ಬರೀ ಟೀಚರ್ ಆಗಿಯೇ ಉಳಿದೆ. ಈ ವಿಷಯದಲ್ಲಿ ನನಗೆ ಮೊದಮೊದಲು ಸ್ವಲ್ಪ ಹೊಟ್ಟೆಕಿಚ್ಚಿದ್ದದ್ದೂ ನಿಜ.

ನಾವು ಬಾಡಿಗೆ ಹಿಡಿದ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಮೊದಲ ದಿನ ಬೆಳಗ್ಗೆ ಆ ಗೋಡೆಯಾಚೆಯಿಂದ ಕ್ಲಾರಿಯೋನೆಟ್ ಕೇಳಿ ನಾನು ಎದ್ದು ಕೂತೆ. ಹಾಡಾಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಒಂದೇ ಸ್ವರ, ಉಸಿರು ತೀರುವವರೆಗೆ. ಮತ್ತೆ ಉಸಿರು ಎಳೆದುಕೊಂಡು ಅದೇ ಸ್ವರ. ಮಕ್ಕಳು ಎದ್ದರು, ಅತ್ತರು. ನಮ್ಮವರು ಹೊದಿಕೆ ಎಳೆದುಕೊಂಡು, "ಹೋಗಿ ಕೇಳು, ನೀನೇ ಅಲ್ಲೇನು ಮನಿ ನೋಡಿ ಒಪ್ಪಿದಾಕಿ?" ಎಂದರು. ಹೋದೆ. ಅಂಗಳದಲ್ಲಿ ಇಸ್ತ್ರಿ ಮಾಡಿದ ಖಾಕಿ ಚಡ್ಡಿ, ಬಿಳಿ ಬನಿಯನ್, ತಿದ್ದಿದ ಮೀಸೆಯ ಒಬ್ಬರು ನೆಟ್ಟಗೆ ನಿಂತಿದ್ದರು.

"ಸ್ವರ ಎಬ್ಬಸಾಕತ್ತಿದ್ನೆವ್ವ," ಎಂದರು. "ಅದು ಎದ್ದ ಮ್ಯಾಲೆ ಉಳದಿದ್ದೆಲ್ಲ ತಾನಾ ಏಳತೈತಿ."

"ಎದ್ದೈತಿ ಬಿಡ್ರಿ," ಎಂದು ಅವರ ಹೆಂಡತಿ ಒಳಗಿನಿಂದಲೇ ಕೂಗಿದರು. "ಆಕಿ ಮಕ್ಕಳು ಎದ್ದಾವ, ನನ್ನ ತಲಿನೋವೂ ಎದ್ದೈತಿ. ಬಾ ಟೀಚರವ್ವ, ಚಾ ಕುಡಿ. ಈ ಮನಿಷಾಗ ಹೇಳೋದೂ ಒಂದಾ, ಗ್ವಾಡಿಗೆ ಹೇಳೋದೂ ಒಂದಾ."

ಜಗಳಕ್ಕೆ ಹೋದವಳು ಚಹಾ ಕುಡಿದು ಬಂದೆ. ಅಂದಿನಿಂದ ಅವರು ನನಗೆ ಮಾವ, ಅವರ ಹೆಂಡತಿ ಗೌರಮ್ಮ ನನಗೆ ಅತ್ತಿ.

ಮಾವನ ಬ್ಯಾಂಡಿನಲ್ಲಿ ಹುಟ್ಟಾ ಬಾಜಾದವರು ಒಬ್ಬರೂ ಇರಲಿಲ್ಲ. ಟ್ರಂಪೆಟ್ ಊದುವ ಹುಸೇನಸಾಬರು ಬಳೆ ಮಾರುತ್ತಿದ್ದರು. ದೊಡ್ಡ ಡ್ರಮ್ಮಿನವನು ಮಾರ್ಕೆಟ್ಟಿನಲ್ಲಿ ಹಮಾಲ. ಸೈಕಲ್ ಶಾಪಿನವನು, ಮಂಡಕ್ಕಿ ಭಟ್ಟಿಯವನು, ದರ್ಜಿ, ಹೀಗೆ ಕೈಗೆ ಸಿಕ್ಕವರನ್ನೆಲ್ಲ ಎಳೆದು ತಂದು ಅವರು ಸ್ವರ ಕಲಿಸಿದ್ದರು. ಸ್ವರಕ್ಕೂ ಮೊದಲು ನಡಿಗೆ ಕಲಿಸಿದ್ದರು. ಸಂತೆ ಇಲ್ಲದ ದಿನ ಸಂತೆಯ ಬಯಲಿನಲ್ಲಿ ಇವರೆಲ್ಲ ಬರಿಗೈಯಲ್ಲಿ ಸಾಲಾಗಿ ಹೆಜ್ಜೆ ಹಾಕಬೇಕು. ಮಾವ ಅವರ ಮುಂದೆ ಹಿಮ್ಮುಖವಾಗಿ ನಡೆಯುತ್ತ ಎಡ, ಬಲ ಎಂದು ಹಿಂದಿಯಲ್ಲಿ ಒದರಬೇಕು. ನೋಡಿದವರೆಲ್ಲ ನಗುತ್ತಿದ್ದರು. ಆದರೆ ಲಗ್ನದ ಮೆರವಣಿಗೆಯಲ್ಲಿ ಬಿಳಿ ಪ್ಯಾಂಟು, ಕೆಂಪು ಕೋಟು ಹಾಕಿಕೊಂಡು ಇಡೀ ಸೆಟ್ಟು ಒಂದೇ ಹೆಜ್ಜೆಯಲ್ಲಿ ಬರುವುದನ್ನು ಕಂಡಾಗ ಆ ನಗೆ ನಿಲ್ಲುತ್ತಿತ್ತು. ಮುಂದೆ ಹುಡುಗರು ಟವೆಲ್ ಬೀಸುತ್ತ, ಧೂಳೆಬ್ಬಿಸುತ್ತ ಕುಣಿಯುವರು. ಒಬ್ಬನು ಹಾವಾಗಿ ನೆಲದ ಮೇಲೆ ಹೊರಳುವನು, ಇನ್ನೊಬ್ಬನು ಬಾಯಲ್ಲಿ ಕರವಸ್ತ್ರ ಕಚ್ಚಿ ಪುಂಗಿ ಊದುವನು. ಮಾವ ಮಾತ್ರ ಹಾವಿನ ಧಾಟಿಯನ್ನೂ ಮಿಲಿಟರಿ ಜನರಲ್‌ಗೆ ಸಲಾಮು ಕೊಡುವಷ್ಟೇ ಗಂಭೀರವಾಗಿ ಊದುತ್ತಿದ್ದರು.

ಯುದ್ಧಕ್ಕೆ ಹೋಗಿ ಬಂದವರೆಂದು ಊರವರಿಗೆ ಗೊತ್ತಿತ್ತು. ಚಹಾದಂಗಡಿಯಲ್ಲಿ ಯಾರಾದರೂ ಕೆಣಕುತ್ತಲೇ ಇರುತ್ತಿದ್ದರು: "ಮಾಸ್ತರ, ಎಪ್ಪತ್ತೊಂದರ ಲಡಾಯ್ಯಾಗ ಎಷ್ಟು ಮಂದೀನ್ನ ಕೊಂದ್ರಿ?"

"ಒಬ್ಬನ್ನೂ ಇಲ್ಲ."

"ಮತ್ತ ಏನ್ ಮಾಡಿದ್ರಿ?"

"ಹೊತ್ತೆ."

ಅಷ್ಟೇ. ಕೇಳಿದವರು ಇದೆಂಥ ಮಿಲ್ಟ್ರಿ ಎಂದುಕೊಂಡು ಮಂಡಕ್ಕಿ ತಿನ್ನುತ್ತಿದ್ದರು. ಅದರ ಅರ್ಥ ನನಗೆ ತಿಳಿದದ್ದು ಗುಡೇಕೋಟೆಯ ಕಡೆ ನನ್ನ ಸಹೋದ್ಯೋಗಿಯೊಬ್ಬಳ ಲಗ್ನಕ್ಕೆ ಹೋದಾಗ. ಬಾರಿಸಲು ಮಾವನ ಸೆಟ್ಟೇ ಬಂದಿತ್ತು. ಊಟದ ಹೊತ್ತಿನಲ್ಲಿ ತುಂಬು ಬಸುರಿಯೊಬ್ಬಳಿಗೆ ನೋವು ಬಂತು. ಗುಡ್ಡದ ಸಂದಿನ ಆ ಹಟ್ಟಿಗೆ ಗಾಡಿ ಬರುವಂತಿರಲಿಲ್ಲ. ಬ್ಯಾಂಡಿನವರು ಬಾಜಾ ಕೆಳಗಿಟ್ಟು ಅವಳನ್ನು ಹೊರಸಿನ ಮೇಲೆ ಮಲಗಿಸಿ ಹೊತ್ತರು. ನಾಲ್ಕು ಜನ ಹೊತ್ತು ಹತ್ತು ಮಾರು ಹೋಗಿರಲಿಲ್ಲ, ಹೊರಸು ತೊಟ್ಟಿಲಿನ ಹಾಗೆ ಜೀಕತೊಡಗಿತು. ಹುಡುಗಿ ಕಿರುಚಿದಳು. ವರ್ಷಗಟ್ಟಲೆ ಕೂಡಿ ನಡೆದ ಕಾಲುಗಳು ತಾವಾಗಿಯೇ ಒಂದೇ ಹೆಜ್ಜೆಗೆ ಕೂಡಿಕೊಂಡಿದ್ದವು.

"ಹೆಜ್ಜಿ ಮುರೀರಲೇ!" ಎಂದು ಮಾವ ಗುಡ್ಡ ನಡುಗುವಂತೆ ಒದರಿದರು. "ಬಾಜಾಕ್ಕ ಕೂಡಿ ನಡೀಬೇಕು, ಮನಿಷಾನ್ನ ಹೊತ್ತಾಗ ಒಬ್ಬೊಬ್ಬರದು ಒಂದೊಂದು ಹೆಜ್ಜಿ!"

ತಾಯಿ, ಮಗು ಇಬ್ಬರೂ ಉಳಿದರು. ಹಿಂದಿರುಗುವ ಬಸ್ಸಿನಲ್ಲಿ ನಾನು ಕೇಳಿದೆ, ಇದನ್ನೆಲ್ಲಿ ಕಲಿತಿರಿ ಎಂದು. ಯುದ್ಧ ಬಂತೆಂದರೆ ಮಿಲಿಟರಿ ಬ್ಯಾಂಡಿನವರು ವಾದ್ಯ ಪೆಟ್ಟಿಗೆಯಲ್ಲಿಟ್ಟು ಸ್ಟ್ರೆಚರ್ ಎತ್ತಬೇಕಂತೆ, ಗಾಯಗೊಂಡವರನ್ನು ಹಿಂದಕ್ಕೆ ಹೊತ್ತು ತರುವುದೇ ಅವರ ಲಡಾಯಿಯಂತೆ. ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದರು.

ಅವರಿಗೆ ಮಕ್ಕಳಿರಲಿಲ್ಲ. ಅತ್ತಿ ಆ ಬಗ್ಗೆ ಒಂದು ದಿನವೂ ಕೊರಗಿದ್ದನ್ನು ನಾನು ಕಾಣೆ. "ಕೆಂಪು ಕೋಟಿನ ಗಂಡುಮಕ್ಕಳು ಇಷ್ಟು ಮಂದಿ ಅದಾವಲ್ಲ, ಬಟ್ಟಿ ಒಗದು ನನ್ನ ಕೈ ಸವದೈತಿ," ಎನ್ನುತ್ತಿದ್ದರು. ಲಗ್ನದ ಊಟಕ್ಕೆ ಬ್ಯಾಂಡಿನವರೆಲ್ಲ ಎಲೆಯ ಮುಂದೆ ಕೂತ ಮೇಲೇ ಮಾವ ಕೂರುತ್ತಿದ್ದರು. ಹುಸೇನಸಾಬರ ಮಗಳ ನಿಕಾಹಿನಲ್ಲಿ ಮಗಳನ್ನು ಕಳಿಸಿ ಅತ್ತವರಲ್ಲಿ ಇವರೇ ಮೊದಲಿಗರು. ಅತ್ತಿ ಅವರ ಬೆನ್ನು ಸವರುತ್ತ, "ಸಾಕ್ರಿ, ಹುಡುಗಿ ಅಪ್ಪನಿಗೆ ಅಳಾಕ ಜಾಗ ಬಿಡ್ರಿ," ಎಂದಿದ್ದರು.

ನಾನು ಬಂದ ಐದಾರು ವರ್ಷಕ್ಕೆ ಗೋಡೆಯಾಚೆಯ ರೇಡಿಯೊ ನಮ್ಮ ಮನೆಯಲ್ಲೇ ವಾರ್ತೆ ಓದಿದಂತೆ ಕೇಳತೊಡಗಿತು. ಕರೆದರೆ ಮಾವ ತಿರುಗುತ್ತಿರಲಿಲ್ಲ. ಏನು ಹೇಳಿದರೂ ಹೂಂಗುಟ್ಟುತ್ತಿದ್ದರು. "ಎಡಗಿವಿ ಲಡಾಯ್ಯಾಗಾ ಅರ್ಧ ಹೋಗಿತ್ತು. ಈಗ ಬಲಗಿವಿನೂ ಅದರ ಹಿಂದ ಹೊಂಟೈತಿ," ಎಂದು ಅತ್ತಿ ನನ್ನ ಹತ್ತಿರ ಹೇಳಿಕೊಂಡರು. ಕಿವಿಯ ಮಾತು ತೆಗೆದರೆ ಮಾವನಿಗೆ ಸಿಟ್ಟು. ತಮಗೆ ಬೇಕಾದದ್ದೆಲ್ಲ ಕೇಳಿಸುತ್ತದೆ, ಬೇಡದ್ದು ಕೇಳಿಸುವುದಿಲ್ಲ, ಇದು ದೇವರು ಕೊಟ್ಟ ವರ ಎಂದು ನಕ್ಕುಬಿಡುತ್ತಿದ್ದರು.

ಆ ಹೊತ್ತಿಗೆ ಸುತ್ತಲಿನ ಊರುಗಳ ಬ್ಯಾಂಡಿಗೆಲ್ಲ ಕ್ಯಾಸಿಯೊ ಎಂಬ ಕೀಬೋರ್ಡು ಬಂದಿತ್ತು. ತಳ್ಳುಗಾಡಿಯ ಮೇಲೆ ಪೆಟ್ಟಿಗೆ ಇಟ್ಟು, ಸ್ಪೀಕರ್ ಕಟ್ಟಿ, ಒಬ್ಬ ಹುಡುಗ ಬೆರಳಲ್ಲೇ ಎಲ್ಲ ವಾದ್ಯ ನುಡಿಸುವುದು. ನಮ್ಮ ಮಾವನಿಗೂ ಅದು ಬೇಕೆನಿಸಿತು. ಆಶ್ಚರ್ಯವೆಂದರೆ, ಬೇಡವೆಂದವರು ಬ್ಯಾಂಡಿನ ಹುಡುಗರು.

"ಧೂಳಿಗೆ ಕೆಡತೈತ್ರಿ," ಎಂದ ಒಬ್ಬ. "ಗಾಡಿ ತಳ್ಳಾವರು ಯಾರ್ರಿ?" ಎಂದ ಇನ್ನೊಬ್ಬ. ಹುಸೇನಸಾಬರು, "ನಮಗ ನೀವಾ ಕ್ಯಾಸಿಯೊ, ಬಿಡ್ರಿ ಮಾಸ್ತರ," ಎಂದರು.

"ಮಿಲ್ಟ್ರಿಯೊಳಗ ಹೊಸ ಬಂದೂಕು ಬಂದ್ರ ಬ್ಯಾಡ ಅಂದವ ಇಲ್ಲಲೇ," ಎಂದು ಮಾವ ಬೈದರು. "ನಾ ಮುದುಕ, ನಾ ಬೇಕಂತೀನಿ. ನೀವು ಹರೇದವರು, ಬ್ಯಾಡಂತೀರಿ. ತಲಿ ಗಿಲಿ ಐತಿಲ್ಲ?"

ಬೈಸಿಕೊಂಡರೇ ಹೊರತು ಅವರು ಬಗ್ಗಲಿಲ್ಲ. ಹಡಗಲಿ, ಹಂಪಸಾಗರದ ಕಡೆಯ ದೊಡ್ಡ ಲಗ್ನಗಳು ಬೇರೆ ಬ್ಯಾಂಡಿನ ಪಾಲಾದವು. ಇವರಿಗೆ ಉಳಿದದ್ದು ಹಳೆಯ ವಿಶ್ವಾಸದ ಮನೆಗಳು. ಒಂದು ದಿನ ಮೊಮ್ಮಗಳನ್ನು ಶಾಲೆಗೆ ಬಿಡಲು ಬಂದ ಹುಸೇನಸಾಬರನ್ನು ನಾನು ಹಿಡಿದು ನಿಲ್ಲಿಸಿದೆ. ಮಾಸ್ತರರ ಮಾತು ಮೀರಿದವರಲ್ಲ ನೀವು, ಇದೊಂದಕ್ಕೆ ಯಾಕೆ ಹಟ ಎಂದು ಕೇಳಿದೆ. ಅವರು ಅತ್ತ ಇತ್ತ ನೋಡಿ, ಬೇವಿನ ಮರದ ಕೆಳಗೆ ಬಂದು ದನಿ ತಗ್ಗಿಸಿದರು.

"ಮಾಸ್ತರ ಅರ್ಧ ಮೆಟ್ಟಿಲು ಕೆಳಗ ಇಳದಾರ್ರಿ ಟೀಚರ್. ಅವರ ಕಿವಿಗೆ ತಿಳಿವಲ್ದು. ಮ್ಯಾಲೆ ಬರ್ರಿ ಅಂತ ಅವರಿಗೆ ಹೆಂಗ ಹೇಳೋದು? ಅದಕ್ಕ ನಾವಾ ಕೆಳಗ ಇಳದ್ವಿ."

ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಟ್ರಂಪೆಟ್ಟಿಗೆ ಬಾಗಿದ ಒಂದು ಕೊಳವೆ ಇರುತ್ತದೆ. ಅದನ್ನು ಹೊರಗೆ ಎಳೆದರೆ ಸ್ವರ ಇಳಿಯುತ್ತದೆ, ಒಳಗೆ ತಳ್ಳಿದರೆ ಏರುತ್ತದೆ. ಮಾಸ್ತರರು ಮೊದಲು ತಮ್ಮ ಸ್ವರ ಹಿಡಿಯುತ್ತಾರೆ. ಅದು ಅರ್ಧ ಸ್ವರ ಕೆಳಗೆ ತಪ್ಪಿರುತ್ತದೆ. ಅವರು ಮುಂದಕ್ಕೆ ತಿರುಗಿದ ಕೂಡಲೇ ಹಿಂದಿನವರೆಲ್ಲ ಸದ್ದಿಲ್ಲದೆ ತಮ್ಮ ಕೊಳವೆ ಎಳೆದು ಆ ತಪ್ಪು ಸ್ವರಕ್ಕೇ ಕೂಡಿಕೊಳ್ಳುತ್ತಾರೆ. ಇಡೀ ಬ್ಯಾಂಡೇ ತಪ್ಪಾದರೆ ಕುಣಿಯುವವರಿಗೆ ತಪ್ಪು ಯಾವುದೆಂದು ತಿಳಿಯುವುದಿಲ್ಲ. ಕ್ಯಾಸಿಯೊ ಬಂದರೆ ಅದು ತನ್ನ ಸ್ವರದಲ್ಲೇ ನಿಲ್ಲುತ್ತದೆ, ಅದರ ಪಕ್ಕದಲ್ಲಿ ಮಾಸ್ತರರು ಬಯಲಾಗುತ್ತಾರೆ.

"ಹೇಳಿಬಿಡಬಾರದೇನ್ರಿ?" ಎಂದೆ.

"ಹೇಳಿದ ದಿನಾನ ಬಾಜಾ ಇಳಿಸ್ತಾರ್ರಿ. ಇಳಿಸಿದ ಮ್ಯಾಲೆ ಆ ಮನಿಯಾಗ ಏನ್ ಉಳೀತೈತಿ? ನಮಗ ನಾಲ್ಕು ಲಗ್ನ ಹೋದ್ರ ಹೋಗ್ಲಿ, ಬಳಿ ಮಾರ್ತೀನಿ ನಾನು. ನೀವೂ ಬಾಯಿ ಬಿಡಬ್ಯಾಡ್ರಿ."

ನಾನು ಬಾಯಿ ಬಿಡಲಿಲ್ಲ. ಆಮೇಲೆ ಒಂದೆರಡು ಲಗ್ನಗಳಲ್ಲಿ ಗಮನವಿಟ್ಟು ನೋಡಿದೆ. ಮಾವ ಮುಂದೆ ಎದೆ ಸೆಟೆಸಿ ನಡೆಯುವರು, ಹಿಂದೆ ಆ ಗಂಡಸರೆಲ್ಲ ಕದ್ದು ಕದ್ದು ಕೊಳವೆ ಎಳೆಯುವರು. ನನಗೆ ನಗು ಬರುತ್ತಿತ್ತು, ಮರುಕ್ಷಣ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದೆ.

ಆಯುಧಪೂಜೆಗೆ ಬ್ಯಾಂಡಿನ ವಾದ್ಯಗಳನ್ನೆಲ್ಲ ಮಾವನ ಮನೆಯಲ್ಲಿ ಸಾಲಾಗಿ ಇಟ್ಟು ಪೂಜಿಸುವುದು ಪದ್ಧತಿ. ಹಿಂದಿನ ದಿನ ಎಲ್ಲರೂ ತಂತಮ್ಮ ವಾದ್ಯ ತಂದೊಪ್ಪಿಸುತ್ತಿದ್ದರು, ತಾವೇ ಒರೆಸಿ, ಹೊಳಪಿಸಿ. ತರುವಾಗ ಕೊಳವೆಗಳನ್ನು ಒಳಗೆ ತಳ್ಳಿಯೇ ತರುತ್ತಿದ್ದರು, ಅಷ್ಟು ಎಚ್ಚರಿಕೆ. ಆ ವರ್ಷ ಯಾಕೋ ಮಾವನಿಗೆ ಹುಡುಗರು ಉಜ್ಜಿದ್ದು ಸರಿಬರಲಿಲ್ಲ. ಮಧ್ಯಾಹ್ನ ಚಾಪೆ ಹಾಸಿ, ಬೂದಿ, ಹುಣಸೆಹಣ್ಣು, ಹಳೇ ಪಂಚೆಯ ತುಂಡು ಇಟ್ಟುಕೊಂಡು ಒಬ್ಬರೇ ಕೂತರು. ನಾನು ಪೂಜೆಗೆಂದು ನಮ್ಮ ಹಿತ್ತಲಿನ ಚೆಂಡುಹೂವು ಕೊಡಲು ಹೋಗಿದ್ದೆ. ಅತ್ತಿ ಪೇಟೆಗೆ ಹೋಗಿದ್ದರು.

ಮಾವನ ಕೈಯಲ್ಲಿ ಹುಸೇನಸಾಬರ ಟ್ರಂಪೆಟ್ ಇತ್ತು. ಒಳಗೂ ಉಜ್ಜಲೆಂದು ಆ ಬಾಗಿದ ಕೊಳವೆಯನ್ನು ಪೂರಾ ಬಿಚ್ಚಿದ್ದರು. ಹಿತ್ತಾಳೆಯ ಮೇಲೆ ಒಂದು ಗೆರೆ. ಒಳಗಿದ್ದ ಭಾಗ ಬಂಗಾರದ ಹಾಗೆ, ಗಾಳಿಗೆ ಬಿದ್ದು ಬಿದ್ದು ಕಪ್ಪಿಟ್ಟ ಭಾಗ ಎರಡು ಬೆರಳಗಲ. ಅದನ್ನವರು ಬಹಳ ಹೊತ್ತು ನೋಡಿದರು. ಕೆಳಗಿಟ್ಟು ಇನ್ನೊಂದು ಟ್ರಂಪೆಟ್ ಬಿಚ್ಚಿದರು. ಅಲ್ಲೂ ಅದೇ ಗೆರೆ, ಅಷ್ಟೇ ಅಗಲ. ಮೂರನೆಯದನ್ನೂ ಬಿಚ್ಚಿ ಅವೆರಡರ ಪಕ್ಕದಲ್ಲಿಟ್ಟರು. ಯಾವ ಕೊಳವೆ ಎಷ್ಟು ಎಳೆದರೆ ಸ್ವರ ಎಲ್ಲಿಗೆ ಇಳಿಯುತ್ತದೆಂದು ಈ ಹುಡುಗರಿಗೆ ಕಲಿಸಿದವರೇ ಅವರು.

ನಾನು ಹೂವಿನ ಬುಟ್ಟಿ ಹಿಡಿದುಕೊಂಡು ನಿಂತೇ ಇದ್ದೆ.

"ಎಷ್ಟು ವರ್ಷದ್ದು ಇದು?" ಎಂದರು. ನನ್ನನ್ನು ಕೇಳಿದರೋ ಟ್ರಂಪೆಟ್ಟನ್ನು ಕೇಳಿದರೋ ತಿಳಿಯಲಿಲ್ಲ. ಗೆರೆಯ ಮೇಲೆ ಬೆರಳಾಡಿಸಿ, "ಕ್ಯಾಸಿಯೊ ಬ್ಯಾಡಂದಿದ್ದು ಇದಕ್ಕ," ಎಂದರು. ಮತ್ತೆ ನನ್ನ ಮುಖ ನೋಡಿದರು. "ನಿನಗೂ ಗೊತ್ತಿತ್ತೇನವ್ವ?"

ನಾನು ತಲೆ ತಗ್ಗಿಸಿದೆ. ಅವರು, "ಕುಂದ್ರು," ಎಂದರು. ಕೂತೆ. ಬೂದಿ ಬಡಿದ ಕೈಯನ್ನು ಮಂಡಿಯ ಮೇಲಿಟ್ಟುಕೊಂಡು, ತಮಗೇ ಕೇಳಿಸಬೇಕೆಂಬಂತೆ ಜೋರಾಗಿ, ಅವರು ತಾವು ಕಂಡ ಯುದ್ಧವನ್ನು ಬಿಡಿಸಿ ಹೇಳಿದ್ದು ನನ್ನೆದುರು ಅದೊಂದೇ ಸಲ.

"ಸ್ಟ್ರೆಚರ್ ಹೊರೋರು ಇಬ್ರು. ನಾ ಮುಂದ, ಸಾತಾರದ ಕಡಿಯವ ಒಬ್ಬ ಹಿಂದ. ಮುಂದಿನವನಿಗೆ ಮಲಗಿದವ ಕಾಣಂಗಿಲ್ಲವ್ವ, ಬರೇ ದಾರಿ ಕಾಣತೈತಿ. ಅವತ್ತು ಹೊತ್ತಿದ್ದು ಒಂದು ಎಳೇ ಹುಡುಗನ್ನ. ಹೊಟ್ಟಿಗೆ ಬಡದಿತ್ತು. ಸುಮ್ಮನ ಒಯ್ಯಬ್ಯಾಡ್ರಿ, ಏನರ ಮಾತಾಡ್ರಿ ಅಂತಿದ್ದ. ನಾ ಏನ್ ಮಾತಾಡ್ಲಿ? ನಮ್ಮವ್ವ ಲಗ್ನದಾಗ ಹಾಡೋ ಸೋಬಾನ ಪದ ಹಾಡಿದೆ. ಅವನಿಗೆ ಕನ್ನಡ ಬರತಿದ್ದಿಲ್ಲ. ಹಾಡಂದ, ಹಾಡಿದೆ. ಕೆಸರು, ಹಳ್ಳ, ಮ್ಯಾಲಿಂದ ಗುಂಡು ಬೀಳಾಕತ್ತಿದ್ವು. ಹಾಡಿಕೋತಾ ಹೋದೆ. ಇಳಿಸಿ ತಿರುಗಿ ನೋಡಿದ್ರ, ಹುಡುಗ ಎಂದೋ ಹೋಗ್ಯಾನ. ತಣ್ಣಗ ಆಗಿತ್ತು ಮೈ. ಹಳ್ಳ ದಾಟೂ ಮುಂದಾ ಹೋಗಿದ್ನಂತ. ಹಿಂದಿನವ ನೋಡಿದ್ದ. ಯಾಕ ಹೇಳ್ಲಿಲ್ಲಲೇ ಅಂದೆ. 'ನೀ ಹಾಡಾಕತ್ತಿದ್ದಿ' ಅಂದ."

ಪಂಚೆಯ ತುಂಡನ್ನು ಎತ್ತಿಕೊಂಡು ಬೂದಿಯಲ್ಲಿ ಅದ್ದಿದರು.

"ನನಗ ಸಿಟ್ಟು ಬಂತು. ಸತ್ತವನ ಮುಂದ ಸೋಬಾನ ಹಾಡಿಸಿದ್ಯಲ್ಲ ಅಂತ ಅವನ ಕಪಾಳಕ್ಕ ಹೊಡದೆ. ಅವ ಕೈ ಎತ್ತಲಿಲ್ಲ, ಅತ್ತ. ನಾ ಹಾಡು ನಿಲ್ಲಿಸಿದ್ರ ನನ್ನ ಕಾಲು ಅಲ್ಲೇ ನಿಲ್ತಿದ್ವು, ಇಬ್ಬರೂ ಆ ಹಳ್ಳದಾಗ ಉಳೀತಿದ್ವಿ. ಅದು ತಿಳಿಯಾಕ ನನಗ ಭಾಳ ದಿವಸ ಹಿಡೀತು. ತಿಳಿಯೋದ್ರಾಗ ಅವನೂ ಇರಲಿಲ್ಲ."

ಆಮೇಲೆ ಮೂರೂ ಕೊಳವೆಗಳ ಗೆರೆಯನ್ನು ಬೂದಿ ಹಾಕಿ ಉಜ್ಜತೊಡಗಿದರು. ಕಪ್ಪು ಹೋಗಿ ಎಲ್ಲ ಒಂದೇ ಹೊಳಪು ಬರುವವರೆಗೆ ಉಜ್ಜಿದರು. "ಈ ಹುಡುಗ್ರನ್ನ ನಾ ಹೊಡಿಯಂಗಿಲ್ಲ," ಎಂದರು. "ನಾ ನೋಡಿದ್ದು ಅವರಿಗೆ ತಿಳೀಬಾರದು. ಆಣಿ ಮಾಡು."

ನಾನು ಅಳುತ್ತ ಆಣೆ ಮಾಡಿದೆ. ಮರುದಿನ ಪೂಜೆ ಸಾಂಗವಾಗಿ ನಡೆಯಿತು. ಮಾವ ಎಂದಿನಂತೆ ಒಬ್ಬೊಬ್ಬರ ಹಣೆಗೂ ಕುಂಕುಮ ಇಟ್ಟು ವಾದ್ಯ ಕೈಗೆ ಕೊಟ್ಟರು, ಒಬ್ಬೊಬ್ಬರನ್ನೂ ಬೈದರು.

ದಸರೆ ಕಳೆದು, ಲಗ್ನದ ಕಾಲ ಇನ್ನೇನು ಬರಬೇಕು, ಆಗ ಅವರು ಯಾರಿಗೂ ಹೇಳದೆ ಹರಪನಹಳ್ಳಿಯ ಬಸ್ಸು ಹತ್ತಿದರು. ಸಂಜೆ ಬಾಯಿಗೆ ಟವೆಲ್ ಒತ್ತಿಕೊಂಡು ಬಂದರು. ಗೌರಮ್ಮ ಅತ್ತಿಯ ಕೂಗಿಗೆ ನಾನು ಓಡಿದೆ. ಮೇಲಿನ ಸಾಲಿನ ಮುಂದಿನ ಹಲ್ಲುಗಳಿರಲಿಲ್ಲ. ಕ್ಲಾರಿಯೋನೆಟ್ಟಿನ ಬಾಯಿಯ ಮೇಲೆ ಊರುವುದು ಅವೇ ಹಲ್ಲು, ಅವಿಲ್ಲದೆ ಊದಲು ಬರುವುದಿಲ್ಲ.

"ಕಬ್ಬು ಸಿಗಿದು ತಿಂತಿದ್ನಲ್ಲೇ ಈ ಮನಿಷಾ, ಮೊನ್ನೆ ಮೊನ್ನೆ!" ಎಂದು ಅತ್ತಿ ಹಣೆ ಬಡಿದುಕೊಂಡರು. "ಗಟ್ಟಿ ಹಲ್ಲು ಕೀಳಿಸಿಕೊಂಡು ಬಂದಾನ. ನೋಯಾಕತ್ತಿದ್ವು ಅಂತಾನ. ಹುಚ್ಚು ಹಿಡದೈತಿ ಇವಗ!"

ಮಾವ ಕಂಬಕ್ಕೆ ಒರಗಿ ಕೂತಿದ್ದರು. ನನ್ನನ್ನು ನೋಡಿ ಕಣ್ಣು ಮಿಟುಕಿಸಿದರು. ಬಾಯಿಯಿಂದ ರಕ್ತ ಜಿನುಗುತ್ತಿತ್ತು.

ಬ್ಯಾಂಡಿನವರೆಲ್ಲ ಬಂದು ಸುತ್ತ ಕೂತು ಅತ್ತರು. ಹಲ್ಲು ಕಟ್ಟಿಸೋಣವೆಂದರು ಹುಸೇನಸಾಬರು. ಕಟ್ಟಿಸಿದ ಹಲ್ಲಿಗೆ ಬಾಜಾ ನಿಲ್ಲುವುದಿಲ್ಲವೆಂದು ಮಾವ ತಲೆಯಾಡಿಸಿದರು. "ದೇವ್ರು ಹಲ್ಲು ಕಸಗೊಂಡ, ಏನ್ ಮಾಡ್ಲಿ? ಇಲ್ಲಾಂದ್ರ ನಿಮ್ಮನ್ನ ಬಿಡ್ತಿದ್ನೇನಲೇ? ಈಗರೆ ನನ್ನ ಮಾತು ಕೇಳ್ರಿ. ಕ್ಯಾಸಿಯೊ ತರ್ರಿ."

ಆ ಸಲ ಯಾರೂ ಬೇಡವೆನ್ನಲಿಲ್ಲ. ಕ್ಯಾಸಿಯೊ ಬಂತು, ಹೋದ ಲಗ್ನಗಳೂ ಒಂದೊಂದಾಗಿ ಹಿಂದಿರುಗಿದವು. ನಮ್ಮ ಓಣಿಯಲ್ಲಿ ಮೆರವಣಿಗೆ ಬಂದರೆ ಮಾವ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಅಷ್ಟು ಹೊತ್ತಿಗೆ ಅವರಿಗೆ ದೊಡ್ಡ ಡ್ರಮ್ಮೂ ಕೇಳಿಸುತ್ತಿರಲಿಲ್ಲ. ಹುಡುಗರ ಕಾಲು ನೋಡುತ್ತ, ತಪ್ಪಿದವನ ಕಡೆ ಬೆರಳು ಮಾಡುತ್ತಿದ್ದರು. ನಮ್ಮ ಮನೆಯಲ್ಲಿ ಬೆಳಗ್ಗೆ ಯಾರಿಗೂ ತಾನಾಗಿ ಎಚ್ಚರವಾಗದೆ ಮಕ್ಕಳ ಶಾಲೆಗೆ ತಡವಾಗತೊಡಗಿತು. ಅತ್ತಿ ಒಂದು ದಿನ ಗೋಡೆ ಸವರುತ್ತ, "ಈಗ ತಲಿನೋವು ಬರಂಗಿಲ್ಲ ಟೀಚರವ್ವ, ಅದಾ ಒಂದು ನೋವಾಗೇತಿ," ಎಂದರು. ಅವರಿಗೂ ಏನೋ ಗೊತ್ತಿತ್ತೆಂದು ನನ್ನ ಅನುಮಾನ.

ಮಾವ ತೀರಿಕೊಂಡದ್ದು ಅದಾಗಿ ಕೆಲವು ವರ್ಷಕ್ಕೆ, ಒಂದು ಬೇಸಿಗೆಯಲ್ಲಿ, ಕೂತ ಕುರ್ಚಿಯಲ್ಲೇ. ಮಣ್ಣು ಮಾಡಿ ಬಂದ ಮೂರನೆಯ ದಿನ ಹುಸೇನಸಾಬರು ನಮ್ಮ ಮನೆಗೆ ಬಂದರು. ಬಳೆಯ ಮಲಾರ ಹೊರಗಿಟ್ಟು ಹೊಸ್ತಿಲ ಹತ್ತಿರ ಕೂತರು. ಅತ್ತಿಯೂ ಹುಸೇನಸಾಬರೂ ಆ ಹಳೆಯ ಸೆಟ್ಟಿನವರಾರೂ ಈಗಿಲ್ಲ. ಅದಕ್ಕೇ ಇದನ್ನೆಲ್ಲ ಬರೆಯುತ್ತಿದ್ದೇನೆ.

"ಟೀಚರ್, ಒಂದು ಮಾತು ಕೇಳ್ತೀನ್ರಿ," ಎಂದರು. "ನಿಮ್ಮ ಮುಂದ ಅವರು ಎಲ್ಲಾ ಹೇಳ್ತಿದ್ರು. ನಾವು ಮಾಡಿದ್ದು ಅವರಿಗೆ ಯಾವಾಗರೆ ತಿಳದಿತ್ತೇನ್ರಿ? ಮೂರು ದಿವಸದಿಂದ ನಿದ್ದಿ ಇಲ್ಲ ನನಗ."

"ಇಲ್ಲ," ಎಂದೆ.

"ಖರೇನ?"

"ಖರೇನ. ಹಲ್ಲು ಹೋಗದಿದ್ದರೆ ಇನ್ನೂ ಊದುತ್ತಿದ್ದೆ ಅಂತಲೇ ಹೇಳ್ತಿದ್ರು."

ಅವರ ಮುಖ ಅರಳಿತು. ಕಣ್ಣಿನಿಂದ ಮಾತ್ರ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲೂ ಇಲ್ಲ.

"ಹಂಗಾರ ನಾವು ಗೆದ್ವಿ ಬಿಡ್ರಿ," ಎಂದರು.